ಕ್ರೆಟಾ ಪೆಟ್ರೋಲೋ, ಗ್ರ್ಯಾಂಡ್ ವಿಟಾರಾ ಹೈಬ್ರಿಡ್ಡೋ?

ಈ ಎರಡರಲ್ಲಿ ಯಾವ ಕಾರು ಕೊಳ್ಳಲಿ ಎಂದು ಕೇಳಿದ್ದೀರಿ. ನೀವು ತಿಳಿಸಿರುವಂತೆ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ತಾಯಿಯವರೂ ಸೇರಿ ಮನೆಯಲ್ಲಿ ಐದು ಜನ, ಹದಿನೈದು ದಿನಕ್ಕೊಮ್ಮೆ ಮದ್ದೂರಿನ ಹತ್ತಿರದ ನಿಮ್ಮ ಊರಿಗೆ ಪ್ರಯಾಣ, ಒಟ್ಟು ತಿಂಗಳಿಗೆ ಸುಮಾರು 800 ಕಿಲೋಮೀಟರ್ ಓಟ. ಎರಡು ಕೊಟೇಶನ್ನುಗಳಲ್ಲಿ ಆನ್-ರೋಡ್ ಬೆಲೆ (ತೆರಿಗೆ, ವಿಮೆ ಎಲ್ಲ ಸೇರಿ) ಹೈಬ್ರಿಡ್ಡಿಗೆ 3 ಲಕ್ಷ ರೂಪಾಯಿ ಹೆಚ್ಚಿದೆ ಎಂದಿದ್ದೀರಿ. ನಾನು ಎರಡು ವರ್ಷದಿಂದ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಕಾರು) ಓಡಿಸುತ್ತಿದ್ದೇನೆ; ಮಂಡ್ಯದಲ್ಲಿರುವ ನನ್ನ ಭಾವಮೈದುನನ ಬಳಿ ಕ್ರೆಟಾ 1.5 ಲೀಟರ್ ಪೆಟ್ರೋಲ್ ಇದೆ. ಹಬ್ಬಕ್ಕೆ, ಮದುವೆಗೆ ಪರಸ್ಪರ ಬದಲಾಯಿಸಿಕೊಂಡು ಓಡಿಸಿರುವುದರಿಂದ ಎರಡರ ಗುಣವೂ ನನಗೆ ಗೊತ್ತು. ನಿಮ್ಮ ಓಟಕ್ಕೆ ನಾನು ಕ್ರೆಟಾವನ್ನೇ ಹೇಳುತ್ತೇನೆ.

ಹೈಬ್ರಿಡ್ಡಿನ ಮೇಲೆ ನನಗೆ ಪ್ರೀತಿಯೇ ಇದೆ. ಬಿಡದಿಯಲ್ಲಿ ತಯಾರಾಗುವ ಕಾರು ಎಂಬ ಅಭಿಮಾನ ಒಂದು ಕಡೆಗಾದರೆ, ಸಂಜೆ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಎಂಜಿನ್ ಸದ್ದೇ ಇಲ್ಲದೆ ಬ್ಯಾಟರಿಯಲ್ಲಿ ಸಾಗುವ ಆ ನೆಮ್ಮದಿ ಇನ್ನೊಂದು ಕಡೆ. ನನಗೆ ಲೀಟರಿಗೆ 22 ಕಿಲೋಮೀಟರ್ ಸಿಗುತ್ತದೆ. ಭಾವಮೈದುನನ ಕ್ರೆಟಾಗೆ ಊರು, ಹೆದ್ದಾರಿ ಎರಡೂ ಸೇರಿ 14. ನೀವು ವರ್ಷಕ್ಕೆ 9,600 ಕಿಲೋಮೀಟರ್ ಓಡಿಸಿದರೆ ಉಳಿಯುವುದು ಸುಮಾರು 250 ಲೀಟರ್. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ 25,000 ರೂಪಾಯಿ. ಆ 3 ಲಕ್ಷ ವಾಪಸು ಬರಲು ಹನ್ನೆರಡು ವರ್ಷ ಬೇಕು. ನಮ್ಮ ರಾಜ್ಯದಲ್ಲಿ 10 ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17 ಇದ್ದು, ಅದು ಬೆಲೆಯ ಅಂತರದ ಮೇಲೂ ಬೀಳುವುದರಿಂದ ಆನ್-ರೋಡ್ ಅಂತರ ಇನ್ನೂ ದೊಡ್ಡದಾಗಿದೆ. ನನ್ನದು ತಿಂಗಳಿಗೆ 2,000 ಕಿಲೋಮೀಟರ್ ಮೀರುವ ಓಟ, ಹಾಗಾಗಿ ನನ್ನ ಲೆಕ್ಕ ಬೇರೆ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಡಿಕ್ಕಿ, ಅಂದರೆ ಕಾರಿನ ಹಿಂಬದಿಯಲ್ಲಿ ಸಾಮಾನು ಇಡುವ ಜಾಗ. ಕ್ರೆಟಾದ ಡಿಕ್ಕಿ 433 ಲೀಟರ್. ಹೈಬ್ರಿಡ್ ಗ್ರ್ಯಾಂಡ್ ವಿಟಾರಾದಲ್ಲಿ ಬ್ಯಾಟರಿ ಡಿಕ್ಕಿಯ ತಳದಲ್ಲಿ ಕೂರುವುದರಿಂದ ತಳ ಎತ್ತರವಾಗಿ, ಉಳಿಯುವುದು 265 ಲೀಟರ್ ಮಾತ್ರ. ಕಳೆದ ಸಂಕ್ರಾಂತಿಗೆ ಊರಿನಿಂದ ಹೊರಟಾಗ 25 ಕಿಲೋ ಅಕ್ಕಿಯ ಒಂದು ಮೂಟೆ, ಎರಡು ಸೂಟ್‌ಕೇಸ್ ಇಟ್ಟ ಮೇಲೆ ತೆಂಗಿನಕಾಯಿ ಚೀಲಕ್ಕೆ ಜಾಗವೇ ಇರಲಿಲ್ಲ. ನನ್ನ ತಾಯಿ ಮೈಸೂರಿನವರೆಗೂ ಅದನ್ನು ಕಾಲ ಬಳಿ ಇಟ್ಟುಕೊಂಡು, ಮಂಡಿ ಮಡಚಿಕೊಂಡೇ ಬಂದರು. ಊರಿನಿಂದ ಬರಿಗೈಯಲ್ಲಿ ಬರುವ ರೂಢಿ ನಿಮ್ಮಲ್ಲೂ ಇರಲಿಕ್ಕಿಲ್ಲ.

ಬ್ಯಾಟರಿಯ ಬಗ್ಗೆ ನಿಮಗಿರುವ ಭಯವನ್ನು ಬಿಡಿ, ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯೊಳಗೆ ಎರಡೂ ಸ್ಥಿರವಾಗಿಯೇ ಓಡುತ್ತವೆ. ಜೋರಾಗಿ ಒತ್ತಿದಾಗ ಹೈಬ್ರಿಡ್ಡಿನ ಮೂರು ಸಿಲಿಂಡರಿನ ಎಂಜಿನ್ ಸ್ವಲ್ಪ ಗದ್ದಲ ಮಾಡುತ್ತದೆ, ಕ್ರೆಟಾದ ನಾಲ್ಕು ಸಿಲಿಂಡರ್ ನಯವಾಗಿದೆ.

ಮುಂಗಡ ಕೊಡುವ ಮುನ್ನ ತಾಯಿಯವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಎರಡೂ ಕಾರಿನ ಹಿಂದಿನ ಸೀಟಿಗೆ ಅವರೇ ಹತ್ತಿ ಇಳಿಯಲಿ, ಮೊಮ್ಮಕ್ಕಳಿಬ್ಬರೂ ಪಕ್ಕದಲ್ಲಿ ಕುಳಿತು ನೋಡಲಿ. ನಿಮ್ಮ ಮನೆಯ ದೊಡ್ಡ ಸೂಟ್‌ಕೇಸನ್ನೂ ಜೊತೆಗೆ ಒಯ್ದು ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ ನೋಡಿ.