ಬ್ಯಾಟ್‌ಮನ್‌ನ ಭುಜ ನೋಡಿದ್ದೀರಾ?

ಸಾಗರದ ಗೆಳೆಯರೇ,

ನಿಮ್ಮ ‘ಕಾರ್ಟೂನೋ ನೈಜವೋ: ವಿಡಿಯೋ ಗೇಮ್‌ಗಳ ಚಿತ್ರಲೋಕ’ ಲೇಖನ ತಲುಪಿದೆ. ಪ್ರಕಟಿಸುತ್ತಿಲ್ಲ. ಸಾಮಾನ್ಯವಾಗಿ ಇಂಥದ್ದಕ್ಕೆ ‘ಸ್ಥಳಾಭಾವದಿಂದ ಹಿಂದಿರುಗಿಸುತ್ತಿದ್ದೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತೇವೆ. ಈ ಸಲ ಹಾಗೆ ಮಾಡಲು ಆಗಲಿಲ್ಲ. ಲೇಖನ ಅಷ್ಟು ಸಿಟ್ಟು ತರಿಸಿತು. ಕೆಟ್ಟದಾಗಿದೆ ಅಂತಲ್ಲ, ಕೈಗೆ ಸಿಕ್ಕಿದ್ದನ್ನು ಬಿಟ್ಟುಬಿಟ್ಟಿದ್ದೀರಿ ಅಂತ. ನಿಮ್ಮ ಹೆಸರು ಹಾಕದೆ ಉತ್ತರವನ್ನು ಇಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ಬರೆದು ಕಳಿಸುವ ಬೇರೆಯವರೂ ಓದಲಿ.

ಉಳಿದ ಓದುಗರಿಗೆ: ಕಾಮಿಕ್ಸ್, ಸಿನಿಮಾ, ಟಿವಿ ಸರಣಿಗಳಿಂದ ಹುಟ್ಟಿದ ಆಟಗಳು, ವರ್ಷಗಟ್ಟಲೆ ಒಂದೇ ಹೆಸರಿನಲ್ಲಿ ಬರುತ್ತಿರುವ ಆಟಗಳು, ಇವುಗಳಲ್ಲಿ ಕೆಲವು ಕಾರ್ಟೂನಿನಂತೆ ಕಾಣುತ್ತವೆ, ಕೆಲವು ಫೋಟೋದಂತೆ. ಯಾವುದು ಮೇಲು? ಲೇಖನ ಕೇಳುವ ಪ್ರಶ್ನೆ ಇದು.

ಮೆಚ್ಚುಗೆ ಮೊದಲು ಹೇಳಿಬಿಡುತ್ತೇನೆ. ಕಾಗುಣಿತ ಚೆನ್ನಾಗಿದೆ. ಆಟಗಳನ್ನು ನೀವೇ ಆಡಿದ್ದೀರಿ, ಎಲ್ಲಿಂದಲೋ ಎತ್ತಿದ್ದಲ್ಲ. ಕನ್ನಡದಲ್ಲಿ ಈ ವಿಷಯ ಬರೆಯುವವರು ಕಮ್ಮಿ. ಆಯ್ತಲ್ಲ, ಈಗ ಜಗಳಕ್ಕೆ ಬರೋಣ.

ಎರಡನೇ ಪ್ಯಾರಾ. ‘ಬ್ಯಾಟ್‌ಮನ್ ಅರ್ಕಮ್ ಅಸೈಲಮ್ ಆಟದ ಗ್ರಾಫಿಕ್ಸ್ ಅತ್ಯಂತ ನೈಜವಾಗಿದ್ದು ನೋಡುಗರನ್ನು ಮಂತ್ರಮುಗ್ಧರನ್ನಾಗಿಸುತ್ತದೆ.’

ಎಲ್ಲಿ ನೈಜ, ಸ್ವಾಮಿ? 2009ರ ಆ ಆಟವನ್ನು ಇನ್ನೊಮ್ಮೆ ಹಾಕಿ. ಬ್ಯಾಟ್‌ಮನ್ ಸುಮ್ಮನೆ ನಿಂತಿರುವಾಗ ಅವನ ಭುಜ ನೋಡಿ. ಆ ಭುಜದ ಮನುಷ್ಯ ಶಿವಮೊಗ್ಗದ ಯಾವ ಗರಡಿಮನೆಯಲ್ಲೂ ಸಿಗುವುದಿಲ್ಲ. ಖಳ ಬೇನ್ ಅಂತೂ ಮನುಷ್ಯರ ಅಳತೆಯಲ್ಲೇ ಇಲ್ಲ. ಬ್ಯಾಟ್‌ಮನ್‌ಗೆ ದನಿ ಕೊಟ್ಟವರು ಕೆವಿನ್ ಕಾನ್ರಾಯ್, ಜೋಕರ್‌ಗೆ ಮಾರ್ಕ್ ಹ್ಯಾಮಿಲ್. ಇಬ್ಬರೂ 1992ರಲ್ಲಿ ಶುರುವಾದ ಬ್ಯಾಟ್‌ಮನ್ ಕಾರ್ಟೂನ್ ಸರಣಿಯ ದನಿಗಳು. ಕಥೆ ಬರೆದ ಪಾಲ್ ಡಿನಿ ಕೂಡ ಆ ಸರಣಿಗೆ ಬರೆದವರೇ. ಹಾಗಾದರೆ ನೀವು ನೈಜ ಅಂದದ್ದು ಯಾವುದನ್ನು? ಬಟ್ಟೆಯ ಹೊಲಿಗೆ, ಗೋಡೆಯ ಕೊಳೆ, ಹೊಡೆದಾಟ ಮುಂದುವರಿದ ಹಾಗೆ ಹರಿಯುತ್ತಾ ಹೋಗುವ ಮೇಲಂಗಿ. ಮೈಯ ಅಳತೆ ಕಾಮಿಕ್ಸಿನದು, ಮೇಲಿನ ಹೊದಿಕೆ ಮಾತ್ರ ಫೋಟೋದ್ದು. ಇದನ್ನು ಹೇಳಿದ್ದರೆ ಆ ಪ್ಯಾರಾಕ್ಕೆ ಜೀವ ಬರುತ್ತಿತ್ತು. ನೀವು ಮಂತ್ರಮುಗ್ಧರಾಗಿ ಕೂತುಬಿಟ್ಟಿರಿ.

ಅದೇ ಪ್ಯಾರಾದ ಕೊನೆ. ‘ಪಾತ್ರಗಳು ನೈಜವಾದಷ್ಟೂ ಆಟಗಾರನಿಗೆ ಹತ್ತಿರವಾಗುತ್ತವೆ.’ ಹೌದಾ? 2019ರಲ್ಲಿ ಸೋನಿಕ್ ಸಿನಿಮಾದ ಮೊದಲ ಟ್ರೇಲರ್ ಬಂದಾಗ ಏನಾಯ್ತು? ಆಟದಲ್ಲಿ ದೊಡ್ಡ ಕಣ್ಣಿನ ನೀಲಿ ಮುಳ್ಳುಹಂದಿಯಾಗಿದ್ದವನಿಗೆ ಮನುಷ್ಯರಂಥ ಹಲ್ಲು, ಸಣ್ಣ ಕಣ್ಣು, ಮೈತುಂಬ ಕೂದಲು. ಜನ ಹೆದರಿದರು, ನಕ್ಕರು, ಬೈದರು. ಪಾತ್ರವನ್ನು ಹೊಸದಾಗಿ ರೂಪಿಸಿ, ಆ ವರ್ಷದ ನವೆಂಬರ್‌ಗೆ ಬರಬೇಕಿದ್ದ ಸಿನಿಮಾವನ್ನು 2020ರ ಫೆಬ್ರವರಿಗೆ ಮುಂದೂಡಿದರು. ನಮ್ಮ ಬಾಲಮಂಗಳದ ಡಿಂಗನಿಗೆ ನಿಜವಾದ ಇಲಿಯ ಕೂದಲು, ಇಲಿಯ ಹಲ್ಲು, ಇಲಿಯ ಬಾಲ ಹಾಕಿ ತಂದರೆ ನೀವು ಹತ್ತಿರ ಸೇರಿಸುತ್ತೀರೋ, ಪೊರಕೆ ಹುಡುಕುತ್ತೀರೋ?

ಮೂರನೇ ಪ್ಯಾರಾ ಇನ್ನೂ ಮಜಾ ಇದೆ. ‘ಕಾರ್ಟೂನ್ ಶೈಲಿ ಮಕ್ಕಳಿಗೆ ಇಷ್ಟವಾದರೆ, ದೊಡ್ಡವರು ನೈಜ ಶೈಲಿಯನ್ನು ಬಯಸುತ್ತಾರೆ.’ ಇದರ ಕೆಳಗೇ ಟೆಲ್‌ಟೇಲ್ ಕಂಪನಿಯ ‘ವಾಕಿಂಗ್ ಡೆಡ್’ ಆಡಿದ್ದೇನೆ ಅಂತ ಬರೆದಿದ್ದೀರಿ. 2012ರ ಆಟ. ಟಿವಿ ಸರಣಿಯನ್ನು ಬಿಟ್ಟು ಮೂಲ ಕಾಮಿಕ್ಸಿನ ಹಾದಿ ಹಿಡಿದ ಆಟ, ದಪ್ಪ ಕಪ್ಪು ಶಾಯಿಯ ಗೆರೆಗಳ ಆಟ. ಎರಡನೇ ಕಂತು ಶುರುವಾಗುವುದೇ ಕಾಡಿನಲ್ಲಿ. ಕರಡಿ ಹಿಡಿಯುವ ಕತ್ತರಿಗೆ ಒಬ್ಬ ಮೇಷ್ಟ್ರ ಕಾಲು ಸಿಕ್ಕಿಬಿದ್ದಿದೆ. ನಡೆದಾಡುವ ಹೆಣಗಳು ಹತ್ತಿರ ಬರುತ್ತಿವೆ. ಕೊಡಲಿ ನಿಮ್ಮ ಕೈಯಲ್ಲಿದೆ. ಕಾಲು ಕಡಿಯುತ್ತೀರೋ, ಅವರನ್ನು ಬಿಟ್ಟು ಓಡುತ್ತೀರೋ? ಇದನ್ನು ನಿಮ್ಮ ಮನೆಯ ಮಕ್ಕಳಿಗೆ ಆಡಲು ಕೊಡುತ್ತೀರಾ? ಆಡಿದ ಆಟವೇ ನಿಮ್ಮ ವಾಕ್ಯವನ್ನು ಸುಳ್ಳು ಮಾಡುತ್ತಿದೆ, ನಿಮಗೆ ಮಾತ್ರ ಕಾಣಿಸಲಿಲ್ಲ.

ಹಾಗೇ ಮುಂದೆ: ‘ಜೆಲ್ಡಾ ಸರಣಿಯ ವಿಂಡ್ ವೇಕರ್ ಕಾರ್ಟೂನ್ ಶೈಲಿಯಲ್ಲಿದ್ದರೂ ಸುಂದರವಾಗಿದೆ.’ ಈ ವಾಕ್ಯದ ಪಕ್ಕ ನಾನು ಹಾಕಿದ ಕೆಂಪು ಗೀಟು ಕಾಗದದ ಹಿಂಬದಿಗೂ ಮೂಡಿದೆ. ಕಾರ್ಟೂನ್ ಆಗಿದ್ದಕ್ಕೇ ಸುಂದರ ಅನ್ನಬಾರದಾ? ಈ ಆಟದ ಹಿಂದೆ ಒಂದು ದೊಡ್ಡ ಗಲಾಟೆಯೇ ಇದೆ. 2000ದಲ್ಲಿ ನಿಂಟೆಂಡೋ ತನ್ನ ಹೊಸ ಯಂತ್ರ ಗೇಮ್‌ಕ್ಯೂಬ್‌ನ ಶಕ್ತಿ ತೋರಿಸಲು ಸಣ್ಣದೊಂದು ತುಣುಕು ತೋರಿಸಿತು. ಅದರಲ್ಲಿ ಸರಣಿಯ ನಾಯಕ ಲಿಂಕ್ ಮತ್ತು ಖಳ ಗ್ಯಾನನ್‌ಡಾರ್ಫ್ ಕತ್ತಿ ಹಿಡಿದು ಹೋರಾಡುತ್ತಿದ್ದರು, ನೀವು ಹೇಳುವ ನೈಜ ರೂಪದಲ್ಲೇ. ಮುಂದಿನ ಆಟ ಹೀಗೇ ಬರುತ್ತದೆ ಅಂತ ಎಲ್ಲರೂ ಕಾದರು. ಮರುವರ್ಷ ತೋರಿಸಿದ್ದು ಗುಂಡುಮುಖದ, ಬೆಕ್ಕಿನ ಕಣ್ಣಿನ ಪುಟ್ಟ ಹುಡುಗ. ಕಾರ್ಟೂನ್ ಬರೆಯುವ ‘ಸೆಲ್’ ಹಾಳೆಯನ್ನು ಜೆಲ್ಡಾಕ್ಕೆ ಸೇರಿಸಿ ‘ಸೆಲ್ಡಾ’ ಅಂತ ಹೆಸರಿಟ್ಟು ಗೇಲಿ ಮಾಡಿದರು. 2002ರ ಡಿಸೆಂಬರ್‌ನಲ್ಲಿ ಆಟ ಜಪಾನಿನಲ್ಲಿ ಬಿಡುಗಡೆಯಾಯ್ತು. ಆ ಹುಡುಗನ ದೊಡ್ಡ ಕಣ್ಣು ಬರೀ ಅಂದಕ್ಕೆ ಇಟ್ಟದ್ದಲ್ಲ. ಕೋಣೆಯಲ್ಲಿ ಕೈಹಾಕಬೇಕಾದ ವಸ್ತು ಎಲ್ಲಿದೆಯೋ ಅವನ ಕಣ್ಣು ಅತ್ತ ಹೊರಳುತ್ತದೆ. ಆಟಗಾರನಿಗೆ ಅದೇ ಸುಳಿವು. ಗಾಳಿ ಬಿಳಿ ಗೆರೆಯಾಗಿ, ತುದಿ ಸುರುಳಿಯಾಗಿ ಬೀಸುತ್ತದೆ. ದೋಣಿ ನಡೆಸುವ ಆಟದಲ್ಲಿ ಗಾಳಿ ಕಣ್ಣಿಗೆ ಕಾಣುವುದು ಎಷ್ಟು ಮುಖ್ಯ, ಯೋಚಿಸಿ. ನೈಜ ಗಾಳಿ ಕಾಣುವುದಿಲ್ಲವಲ್ಲ. 2006ರಲ್ಲಿ ಅದೇ ಸರಣಿಯಲ್ಲಿ ‘ಟ್ವೈಲೈಟ್ ಪ್ರಿನ್ಸೆಸ್’ ಬಂತು, ಗೇಲಿ ಮಾಡಿದವರು ಬಯಸಿದ ರೂಪದಲ್ಲೇ. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದಾಗಿ, ಮಸುಕಾಗಿ ಕಾಣುವುದು ಯಾವುದು? ನನ್ನ ಕಣ್ಣಿಗೆ ಎರಡನೆಯದು.

ಸಂಪಾದಕರಿಗೆ ಗೇಮ್ ಬಗ್ಗೆ ಏನು ಗೊತ್ತು ಅಂತ ಕೇಳಬೇಡಿ. ಮನೆಯಲ್ಲಿ ಮಗ ಆಡುತ್ತಾನೆ. ಅವನು ಮಲಗಿದ ಮೇಲೆ ನಾನು.

ನೀವು ಕಂಡದ್ದನ್ನು ಬರೆಯುತ್ತಿಲ್ಲ ಅನ್ನುವುದೇ ನನ್ನ ತಕರಾರು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ, ಅದಕ್ಕೆ ಕಾರಣವಿದೆ. ನಾನು ಕೆಲಸ ಕಲಿತದ್ದು ದುರ್ಗಿಗುಡಿಯ ಕಡೆಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಹೊಸಬರಿಗೆ ಅಲ್ಲಿ ಸಿಗುತ್ತಿದ್ದದ್ದು ಫೋಟೋಗಳಿಗೆ ಅಡಿಬರಹ ಬರೆಯುವ ಕೆಲಸ ಒಂದೇ. ಸಂಪಾದಕರ ಬಾಯಲ್ಲಿ ಸದಾ ಎಲೆಅಡಿಕೆ, ಹಾಗಾಗಿ ಮಾತು ಕಮ್ಮಿ. ನಾವು ಬರೆದ ಸಾಲನ್ನು ಓದಿ, ಫೋಟೋವನ್ನು ನಮ್ಮ ಕಡೆ ತಿರುಗಿಸಿ, ‘ಎಲ್ಲಿದೆ, ಬೆರಳಿಡು’ ಅನ್ನುತ್ತಿದ್ದರು. ಬೆರಳಿಡಲಾಗದ ಪದಕ್ಕೆ ಕತ್ತರಿ. ಒಂದು ಮಳೆಗಾಲ ತುಂಗೆ ಉಕ್ಕಿದಾಗ ನನ್ನ ಜೊತೆಗಿದ್ದ ಹುಡುಗ ‘ತುಂಗೆಯ ರುದ್ರನರ್ತನ’ ಅಂತ ಬರೆದ. ರುದ್ರನ ಮೇಲೆ ಬೆರಳಿಡು ಅಂದರು. ಕೊನೆಗೆ ಅಚ್ಚಾದದ್ದು ‘ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿದೆ’ ಅಂತ. ಶಿವಮೊಗ್ಗದವರಿಗೆ ಅಷ್ಟು ಸಾಕು. ಮಂಟಪ ಮುಳುಗಿತು ಅಂದರೆ ಹೊಳೆ ಎಷ್ಟು ತುಂಬಿದೆ ಅಂತ ಊರಿಗೆಲ್ಲ ಗೊತ್ತು.

ಅವರ ಎಲ್ಲ ಮಾತನ್ನೂ ನಾನು ಒಪ್ಪಿರಲಿಲ್ಲ. ಅವರಿಗೂ ನಿಮ್ಮ ಹಾಗೇ ಕಾರ್ಟೂನ್ ಅಂದರೆ ಮಕ್ಕಳ ಪುಟ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವ್ಯಂಗ್ಯಚಿತ್ರಕಾರರು ಇದ್ದರು. ಅವರಿಗೆ ದುಡ್ಡು ಸರಿಯಾಗಿ ಸಿಗುತ್ತಿರಲಿಲ್ಲ, ಚಹಾ ಮಾತ್ರ ಸಿಗುತ್ತಿತ್ತು. ನಮ್ಮ ಕಾಗದ, ನಮ್ಮ ಮಸಿ, ನಮ್ಮ ಮಷೀನು, ಮೂರೂ ಸೇರಿ ಎಂಥ ಸ್ಟುಡಿಯೋ ಫೋಟೋವನ್ನೂ ಕಪ್ಪು ಮುದ್ದೆ ಮಾಡಿಬಿಡುತ್ತಿದ್ದವು. ಶಾಸಕರ ಫೋಟೋ ಯಾವುದು, ಸನ್ಮಾನ ಮಾಡಿದವರ ಫೋಟೋ ಯಾವುದು, ಓದುಗರು ಹೆಸರು ನೋಡಿಯೇ ತಿಳಿಯಬೇಕು. ಆ ಮನುಷ್ಯ ಮೂಗಿಗೊಂದು ಗೆರೆ, ಹೊಟ್ಟೆಗೊಂದು ಗೆರೆ ಎಳೆದರೆ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಬಿಡಿಸಿದವರು ಹೆಸರು ಓದುವ ಮೊದಲೇ ನಗುತ್ತಿದ್ದರು. ಅದನ್ನು ನೋಡಿ ಬೆಳೆದವನ ಮುಂದೆ ನೀವು ‘ಕಾರ್ಟೂನ್ ಶೈಲಿ ತಯಾರಿಸುವುದು ಸುಲಭ’ ಅಂತ ಬರೆದಿದ್ದೀರಿ. ಅದೂ ‘ಡ್ರ್ಯಾಗನ್ ಬಾಲ್ ಫೈಟರ್ಜ್’ ಬಗ್ಗೆ!

2018ರ ಆ ಆಟದ ಪಾತ್ರಗಳು ಕೈಯಲ್ಲಿ ಬರೆದ ಚಿತ್ರಗಳಲ್ಲ, ತ್ರೀಡಿ ಮಾದರಿಗಳು. ಮಾಡಿದ ಆರ್ಕ್ ಸಿಸ್ಟಮ್ ವರ್ಕ್ಸ್ ಕಂಪನಿ ಅದಕ್ಕೂ ಮೊದಲು 2014ರ ‘ಗಿಲ್ಟಿ ಗೇರ್’ ಆಟದಲ್ಲಿ ಈ ಕಸುಬನ್ನು ಹದ ಮಾಡಿಕೊಂಡಿತ್ತು. ಕಂಪ್ಯೂಟರಿಗೆ ಬಿಟ್ಟರೆ ಅದು ನೆರಳನ್ನು ಲೆಕ್ಕದ ಪ್ರಕಾರ ಬೀಳಿಸುತ್ತದೆ, ಚಿತ್ರಕಾರ ಹಾಕುವ ಜಾಗದಲ್ಲಲ್ಲ. ಅದಕ್ಕೇ ಮುಖದ ಮೇಲೆ ನೆರಳು ಎಲ್ಲಿ ನಿಲ್ಲಬೇಕು ಅಂತ ಕಲಾವಿದರು ಕೈಯಿಂದ ತಿದ್ದಿದರು. ಚಲನೆ ನುಣುಪಾಗಿ ಹರಿಯದ ಹಾಗೆ ನಡುವಿನ ಹಂತಗಳನ್ನು ಬೇಕೆಂದೇ ಬಿಟ್ಟು, ಭಂಗಿಯಿಂದ ಭಂಗಿಗೆ ನೆಗೆಸಿದರು. ಆಗ ಅದು ಟಿವಿಯ ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ ಹಾಗೆ ಕಂಡಿತು. ಸುಲಭವಂತೆ.

ಇನ್ನು ಎರಡನೇ ತಕರಾರು. ಇದು ಮೊದಲನೆಯದಕ್ಕಿಂತ ಜಾಸ್ತಿ ಚುಚ್ಚಿತು. ನಿಮ್ಮ ಕೊನೆಯ ಸಾಲು: ‘ಒಟ್ಟಿನಲ್ಲಿ ಎರಡೂ ಶೈಲಿಗಳಿಗೆ ಅವುಗಳದೇ ಆದ ಸಾಧಕ ಬಾಧಕಗಳಿದ್ದು, ಯಾವುದು ಉತ್ತಮವೆಂಬುದು ಅವರವರ ಅಭಿರುಚಿಗೆ ಬಿಟ್ಟದ್ದು.’

ಇಷ್ಟು ಪುಟ ಓದಿಸಿ ಕೊನೆಗೆ ಇದಾ? ನನ್ನ ಅಭಿರುಚಿ ನನಗೆ ಬಿಟ್ಟದ್ದು ಅಂತ ನನಗೆ ಮೊದಲೇ ಗೊತ್ತಿತ್ತು. ನಿಮ್ಮದು ಏನು? ತಪ್ಪಿಸಿಕೊಳ್ಳಲು ಕಾರಣವೂ ಇಲ್ಲ, ಯಾಕೆಂದರೆ ತೀರ್ಪು ಕೊಡಲು ಬೇಕಾದ ಸಾಕ್ಷಿ ನಿಮ್ಮ ಐದನೇ ಪುಟದಲ್ಲೇ ಇದೆ. ‘ಅಂತೆಯೇ ಥರ್ಟೀನ್ ಎಂಬ ಆಟವು 2003ರಲ್ಲಿ ಬಂದು 2020ರಲ್ಲಿ ಹೊಸ ರೂಪದಲ್ಲಿ ಮರುಬಿಡುಗಡೆಯಾಯಿತು.’ ಅಷ್ಟೇ. ಮುಂದಿನ ವಾಕ್ಯದಲ್ಲಿ ಸ್ಪೈಡರ್‌ಮ್ಯಾನ್‌ಗೆ ಹಾರಿದ್ದೀರಿ. ನಾನು ಪುಟ ತಿರುವಿ ಹುಡುಕಿದೆ, ಉಳಿದದ್ದು ಎಲ್ಲಾದರೂ ಇದೆಯಾ ಅಂತ.

ಒಂದೇ ಹೆಸರು, ಒಂದೇ ಕಥೆ, ಎರಡು ಚಿತ್ರಶೈಲಿ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ? ಮೂಲ 1984ರಲ್ಲಿ ಶುರುವಾದ ಬೆಲ್ಜಿಯಂನ ಕಾಮಿಕ್ಸ್. ಅಮೆರಿಕದ ಅಧ್ಯಕ್ಷರನ್ನು ಕೊಂದ ಆರೋಪ ಹೊತ್ತವನಿಗೆ ತಾನು ಯಾರೆಂದೇ ನೆನಪಿಲ್ಲ. ಯೂಬಿಸಾಫ್ಟ್ 2003ರಲ್ಲಿ ಇದನ್ನು ಆಟ ಮಾಡಿದಾಗ ಕಾಮಿಕ್ಸಿನ ಪುಟವನ್ನೇ ಪರದೆಗೆ ತಂದಿತು. ಸಿಡಿದರೆ ಸದ್ದು ಅಕ್ಷರವಾಗಿ ಮೂಡುತ್ತದೆ. ಗೋಡೆಯಾಚೆ ಕಾವಲುಗಾರ ನಡೆದರೆ ‘ಟ್ಯಾಪ್ ಟ್ಯಾಪ್’ ಅಂತ ಅಕ್ಷರಗಳು ಅವನ ಹೆಜ್ಜೆಯ ಜೊತೆ ಸಾಗುತ್ತವೆ. ತಲೆಗೆ ಗುರಿ ತಾಗಿದರೆ ಪರದೆಯ ಮೇಲ್ಗಡೆ ಸಣ್ಣ ಚೌಕಗಳು ತೆರೆದುಕೊಂಡು ಅದೇ ಕ್ಷಣವನ್ನು ಚೂರುಚೂರಾಗಿ ತೋರಿಸುತ್ತವೆ. 2020ರವರು ಈ ಚೌಕ, ಅಕ್ಷರ ಎಲ್ಲ ಇಟ್ಟುಕೊಂಡರು, ಆದರೆ ಮುಖಗಳ ಮೇಲಿನ ಶಾಯಿ ಒರೆಸಿದರು. ಆ ಕಡೆ ಫೋಟೋವೂ ಅಲ್ಲ, ಈ ಕಡೆ ಚಿತ್ರವೂ ಅಲ್ಲ, ಪ್ಲಾಸ್ಟಿಕ್ ಮುಖಗಳು. ಬಗ್‌ಗಳೂ, ಅಂದರೆ ಪ್ರೋಗ್ರಾಮಿನ ದೋಷಗಳೂ, ರಾಶಿ ಇದ್ದವು, ಅದನ್ನೂ ಹೇಳಬೇಕು. ವಿಮರ್ಶಕರು ಝಾಡಿಸಿದರು, ಪ್ರಕಾಶಕರು ಕ್ಷಮೆ ಕೇಳಿದರು, 2022ರಲ್ಲಿ ಬೇರೆ ಸ್ಟುಡಿಯೋದಿಂದ ಚಿತ್ರಶೈಲಿಯೂ ಸೇರಿ ರಿಪೇರಿ ಮಾಡಿಸಿದರು. ಇಷ್ಟೆಲ್ಲ ಆದದ್ದು ನಿಮ್ಮ ಒಂದು ಸಾಲಿನೊಳಗೆ!

ಗೆರೆಯಲ್ಲಿ ಹುಟ್ಟಿದ್ದನ್ನು ಗೆರೆಯಲ್ಲೇ ಇಡಿ, ಕ್ಯಾಮೆರಾದಲ್ಲಿ ಹುಟ್ಟಿದ್ದನ್ನು ಫೋಟೋದಂತೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಸ್ಟಾರ್ ವಾರ್ಸ್ ಕ್ಯಾಮೆರಾದ ಮಗು. 2015ರ ‘ಬ್ಯಾಟಲ್‌ಫ್ರಂಟ್’ಗೆ ಸಿನಿಮಾದ ಅಸಲಿ ವಸ್ತುಗಳನ್ನೇ ಸುತ್ತಲೂ ಫೋಟೋ ತೆಗೆದು ಮಾದರಿ ಮಾಡಿದರು, ಚೆನ್ನಾಗಿಯೇ ಬಂತು. ಆದರೆ ಹತ್ತು ವರ್ಷ ಮೊದಲು, 2005ರಲ್ಲಿ, ಸ್ಟಾರ್ ವಾರ್ಸ್ ಕಥೆಯನ್ನು ಲೆಗೊ ಗೊಂಬೆಗಳಲ್ಲಿ ಹೇಳಿದ್ದರು. ಮಾತೇ ಇಲ್ಲ, ಬರೀ ಗೊಣಗಾಟ, ಕೈಸನ್ನೆ. ಅದೂ ಗೆದ್ದಿತು. ಗೊಂಬೆಯ ಕೈ ಕಳಚಿಬಿದ್ದರೆ ನಗು ಬರುತ್ತದೆ, ಅಸಲಿ ಮುಖದವನ ಕೈ ಬಿದ್ದರೆ ಬರುವುದಿಲ್ಲ. ಥರ್ಟೀನ್‌ನಲ್ಲಿ ಶಾಯಿ ಹೋದಾಗ ಏನು ಹೋಯಿತು? ನನಗೆ ಅನ್ನಿಸುವುದು ಇದು: ಅಕ್ಷರ, ಚೌಕಗಳಿಗೆ ಕೂರಲು ಜಾಗವೇ ಹೋಯಿತು. ಶಾಯಿಯ ಮುಖದ ಪಕ್ಕ ‘ಢಾಂ’ ಅಂತ ಬರೆದರೆ ಎರಡೂ ಒಂದೇ ಕೈಯ ಬರಹ. ಪ್ಲಾಸ್ಟಿಕ್ ಮುಖದ ಪಕ್ಕ ಬರೆದರೆ ಯಾರೋ ಸ್ಟಿಕ್ಕರ್ ಅಂಟಿಸಿದ ಹಾಗೆ. ನೀವು ಎರಡನ್ನೂ ಆಡಿದವರು. ನಾನು ಹೇಳಿದ್ದು ತಪ್ಪಿದ್ದರೆ ಜಗಳ ಆಡಿ. ಸಾಧಕ ಬಾಧಕ ಅಂತ ಮಾತ್ರ ಬರೆಯಬೇಡಿ.

ಇನ್ನೊಂದು. ನಾಲ್ಕನೇ ಪುಟದ ಕೆಳಗೆ ಕಂಸದೊಳಗೆ ಹೀಗೆ ಬರೆದಿದ್ದೀರಿ: ‘(ನಮ್ಮ ಮನೆಯ ಹಸೆ ಚಿತ್ತಾರದಲ್ಲೂ ಮದುಮಕ್ಕಳಿಗೆ ಕಣ್ಣುಮೂಗು ಇರುವುದಿಲ್ಲ. ಅಜ್ಜಿಯನ್ನು ಕೇಳಿದರೆ, ಯಾರು ಅಂತ ಗೊತ್ತಲ್ಲ, ಮತ್ಯಾಕೆ ಅಂದರು.)’ ಇಡೀ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಇದೊಂದೇ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಇವೆಲ್ಲ ನಿಮಗೆ ಹುಟ್ಟಿನಿಂದ ಗೊತ್ತು. ಅದನ್ನು ಕಂಸದಲ್ಲಿ ಕೂರಿಸಿ, ‘ಮಂತ್ರಮುಗ್ಧ’ವನ್ನು ಚಾವಡಿಗೆ ಕರೆದಿದ್ದೀರಿ.

ಉಳಿದ ಪ್ಯಾರಾಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಸ್ಪೈಡರ್‌ಮ್ಯಾನ್, ಸಿಂಪ್ಸನ್ಸ್ ಎಲ್ಲ ಪಕ್ಕಕ್ಕಿಡಿ. ಥರ್ಟೀನ್‌ನ ಎರಡು ಆಟ, ಬೇಕಾದರೆ ಅಜ್ಜಿಯ ಮಾತು, ಇಷ್ಟನ್ನೇ ಇಟ್ಟುಕೊಂಡು ಸಾವಿರ ಪದದೊಳಗೆ ಬರೆಯಿರಿ. ಎರಡೂ ಆಟಗಳಿಂದ ಒಂದೇ ದೃಶ್ಯದ ಚಿತ್ರ ತೆಗೆದು ಜೊತೆಗೆ ಕಳಿಸಿ, ಅಡಿಬರಹ ನೀವೇ ಬರೆಯಿರಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹೋದ ಸಲದ ಹಾಗೆ ‘ನುಡಿ’ ತಂತ್ರಾಂಶದಲ್ಲಿ ಮಾಡಿ ಪಿಡಿಎಫ್ ಕಳಿಸಿದರೆ ನಮ್ಮ ಡಿಟಿಪಿ ಹುಡುಗಿ ನನಗೆ ಬೈಯುತ್ತಾಳೆ. ದೀಪಾವಳಿ ಸಂಚಿಕೆ ಆಗಲೇ ತುಂಬಿದೆ, ಜನವರಿಗೆ ನೋಡೋಣ. ಸಂಭಾವನೆ ದೊಡ್ಡದೇನಲ್ಲ, ಆದರೆ ಚಹಾದಲ್ಲಿ ಮುಗಿಸುವುದಿಲ್ಲ.

ಸಂಪಾದಕ