ನೊಟೇಶನ್ ಟ್ಯಾಟೂ: ಚಿಕ್ಕದಾಗಿ ಹಾಕಿಸಬಹುದಾ?

ಇಷ್ಟದ ರಾಗದ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಸ್ವರಲಿಪಿ), ಅದರಲ್ಲಿ ಎರಡು ಬಾರ್ (ಎಣಿಕೆಯ ಎರಡು ಖಾನೆ), ಮುಂಗೈ ಒಳಭಾಗದಲ್ಲಿ, ಆದಷ್ಟು ಚಿಕ್ಕದಾಗಿ ಬೇಕು ಅಂತ ಕೇಳಿದ್ದೀರಿ. ನನ್ನ ಕೈ ಮೇಲೂ ಅಂಥದ್ದೇ ಇದೆ, ಆರು ವರ್ಷವಾಯಿತು. ಅಮ್ಮ ಗುನುಗುತ್ತಿದ್ದ ಜೋಗುಳದ ಮೊದಲ ಸಾಲು. ಹಾಕಿಸಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ಆದರೆ ಇನ್ನಷ್ಟು ದೊಡ್ಡದಾಗಿ ಹಾಕಿಸಬೇಕಿತ್ತು.

ಟ್ಯಾಟೂ ಇಂಕು ಹಾಕಿದಲ್ಲೇ ಕೂತಿರುವುದಿಲ್ಲ. ವರ್ಷ ಕಳೆದಂತೆ ಚರ್ಮದೊಳಗೆ ಸ್ವಲ್ಪ ಹರಡುತ್ತದೆ, ಗೆರೆ ದಪ್ಪಗಾಗುತ್ತದೆ. ಹೂವೋ ಹಕ್ಕಿಯೋ ಆಗಿದ್ದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ನೊಟೇಶನ್‌ನಲ್ಲಿ ಹಾಡೇ ಬದಲಾಗಿಬಿಡುತ್ತದೆ. ನೋಟ್ ಅಂದರೆ ಒಂದು ಸ್ವರದ ಗುರುತು. ಹಾಫ್ ನೋಟ್‌ನ ತಲೆ ಟೊಳ್ಳು, ಕ್ವಾರ್ಟರ್ ನೋಟ್‌ನದು ತುಂಬಿರುತ್ತದೆ, ಉಳಿದಂತೆ ಎರಡೂ ಒಂದೇ ಥರ. ನನ್ನ ಎರಡನೇ ಬಾರ್ ಮುಗಿಯುವುದು ಒಂದು ಹಾಫ್ ನೋಟ್‌ನಿಂದ. ಅದರೊಳಗಿನ ಖಾಲಿ ಜಾಗ ಈಗ ಎಳ್ಳುಕಾಳಿನಷ್ಟೂ ಉಳಿದಿಲ್ಲ. ಎರಡು ಎಣಿಕೆ ಎಳೆಯಬೇಕಾದ ಸ್ವರ, ಓದುವವರಿಗೆ ಒಂದೇ ಎಣಿಕೆಯಾಗಿ ಕಾಣುತ್ತದೆ. 4/4ರ (ನಾಲ್ಕು ಎಣಿಕೆಯ) ಬಾರ್‌ನಲ್ಲಿ ಲೆಕ್ಕಕ್ಕೆ ಮೂರೇ ಸಿಗುತ್ತದೆ. ಅಮ್ಮ ದನಿ ಎಳೆದು ನಿಲ್ಲಿಸುತ್ತಿದ್ದ ಜಾಗ ಅದು.

ಚುಕ್ಕಿಗಳದ್ದೂ ಇದೇ ಕಥೆ. ನೋಟ್‌ನ ಪಕ್ಕದಲ್ಲಿ ಚುಕ್ಕಿ ಇದ್ದರೆ ಅದು ಒಂದೂವರೆ ಪಟ್ಟು ಉದ್ದ, ತಲೆಯ ಮೇಲಿದ್ದರೆ ಚುಟುಕಾಗಿ ನುಡಿಸಬೇಕು. ಸರಿಗಮದಲ್ಲೇ ಬರೆಸಿದರೂ ಅಷ್ಟೇ: ಅಕ್ಷರದ ಮೇಲಿನ ಚುಕ್ಕಿ ತಾರಸ್ಥಾಯಿ, ಕೆಳಗಿನದು ಮಂದ್ರ. ಅಂದಕ್ಕೆ ಅಂತ ಸುಮ್ನೆ ಒಂದು ಚುಕ್ಕಿ ಸೇರಿಸಬೇಡಿ ಅಂತ ಆರ್ಟಿಸ್ಟ್‌ಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಮುಖ್ಯವಾದದ್ದು. ಬರೆದಿದ್ದನ್ನು, ಆ ಹಾಡು ಗೊತ್ತೇ ಇಲ್ಲದ ಒಬ್ಬರಿಂದ ನುಡಿಸಿ ನೋಡಿ. ಗೊತ್ತಿರುವವರಾದರೆ ಕಣ್ಣಿಗೆ ಬಿದ್ದ ತಪ್ಪನ್ನು ಕಿವಿಯೇ ತಿದ್ದಿಬಿಡುತ್ತದೆ. ನಾನು ಬರೆದುಕೊಂಡಿದ್ದ ಹಾಳೆಯನ್ನು ಪಿಟೀಲು ನುಡಿಸುವ ಗೆಳತಿಗೆ ಕೊಟ್ಟೆ. ಮೂರನೇ ಸ್ವರಕ್ಕೇ ನನ್ನ ಮೈ ಝುಮ್ಮೆಂದಿತು, ಅದು ನಮ್ಮ ಜೋಗುಳ ಆಗಿರಲಿಲ್ಲ. ಗೆರೆಯ ಮೇಲೆ ಕೂರಬೇಕಾದ ನೋಟನ್ನು ಮೇಲಿನ ಸಂದಿಯಲ್ಲಿ ಕೂರಿಸಿದ್ದೆ. ಸೂಜಿ ಮುಟ್ಟುವ ಮೊದಲೇ ಸಿಕ್ಕಿತಲ್ಲ, ಅದೇ ಪುಣ್ಯ. ಸ್ಟೆನ್ಸಿಲ್ (ಸೂಜಿಗೆ ಮೊದಲು ಚರ್ಮಕ್ಕೆ ಇಳಿಸುವ ಮಾದರಿ) ಕೈಗೆ ಅಂಟಿಸಿದ ಮೇಲೂ ಒಮ್ಮೆ ಓದಿಸಿ. ಕನ್ನಡಿಯಲ್ಲಿ ನೋಡಬೇಡಿ, ಎಡ ಬಲ ಅದಲು ಬದಲಾಗುತ್ತದೆ.

ಐದು ಗೆರೆ ನೇರವಾಗಿ ಕಾಣಬೇಕಾದರೆ, ಸ್ಟೆನ್ಸಿಲ್ ಹಾಕುವಾಗ ನಿಂತುಕೊಂಡು ಕೈ ಸಡಿಲ ಬಿಡಿ. ಅಂಗೈ ತಿರುಗಿಸಿದಾಗ ಮುಂಗೈಯ ಚರ್ಮವೂ ತಿರುಚಿಕೊಳ್ಳುತ್ತದೆ ಅಲ್ವಾ?

ಅಳತೆಯ ವಿಷಯಕ್ಕೆ, ಮೊದಲು ನಿಮ್ಮ ಹಾಡಿನಲ್ಲಿ ಟೊಳ್ಳು ತಲೆಯ ನೋಟ್ ಇದೆಯಾ ನೋಡಿ. ಇದ್ದರೆ ಇಂಕು ಹರಡಿದ ಮೇಲೂ ಅದು ಮುಚ್ಚಿಹೋಗದಿರಲು ಎಷ್ಟು ದೊಡ್ಡದಿರಬೇಕು ಅಂತ ಆರ್ಟಿಸ್ಟ್‌ನ ಕೇಳಿ. ನೋಟ್‌ನ ತಲೆ ಎಷ್ಟು ಎತ್ತರವೋ ಎರಡು ಗೆರೆಗಳ ನಡುವಿನ ಜಾಗವೂ ಅಷ್ಟೇ. ಅಂಥ ನಾಲ್ಕು ಸಂದಿ ಸೇರಿದರೆ ಆ ಐದು ಗೆರೆಗಳ ಪಟ್ಟಿ ಮೇಲಿಂದ ಕೆಳಗೆ ಎಷ್ಟು ಅಗಲ ಬರುತ್ತದೆ ಅಂತ ಗೊತ್ತಾಗುತ್ತದೆ.