ಓದುಗರ ಪ್ರಶ್ನೆ: ಎದೆ ಡವಗುಟ್ಟುವಾಗಲೇ ಬಾಯಿ ತೆರೆಯುವುದು ಹೇಗೆ?

ಪ್ರಶ್ನೆ: ಕಚೇರಿಯ ಸಭೆಯಲ್ಲಿ ವಿಷಯ ಗೊತ್ತಿದ್ದರೂ ನನಗೆ ಬಾಯಿ ಬರುವುದಿಲ್ಲ. ಮಾತಾಡಬೇಕು ಅಂದುಕೊಂಡ ಕೂಡಲೇ ಎದೆ ಡವಡವ, ಗಂಟಲು ಒಣಗುತ್ತದೆ. ‘ಮುಂದಿನ ಸಲ ನೋಡೋಣ’ ಅಂತ ಸುಮ್ಮನಾಗುತ್ತೇನೆ. ಮೊದಲು ಈ ಭಯ ಹೋಗಬೇಕಲ್ಲವೇ?

ಭಯ ಹೋಗಲಿ, ಆಮೇಲೆ ಮಾತಾಡೋಣ ಎಂದು ಕಾದರೆ ಆ ದಿನ ಬರುವುದಿಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ. ‘ಮುಂದಿನ ಸಲ ನೋಡೋಣ’ ಎಂದುಕೊಂಡ ಕ್ಷಣ ಎದೆಬಡಿತ ಇಳಿದು ಹಾಯೆನಿಸುತ್ತದಲ್ಲ, ತೊಂದರೆಯ ಬೇರು ಅಲ್ಲೇ ಇರುವುದು. ಸುಮ್ಮನಿದ್ದದ್ದರಿಂದಲೇ ಅಪಾಯ ತಪ್ಪಿತು ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಭೆಯಲ್ಲಿ ಇನ್ನೂ ಬೇಗ ಬಾಯಿ ಕಟ್ಟುತ್ತದೆ. ತಪ್ಪಿಸಿಕೊಳ್ಳುವುದೇ ಭಯವನ್ನು ಬದುಕಿಸಿ ಇಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ವಿವರಿಸಿದ್ದರು.

ಆದ್ದರಿಂದ ಭಯ ಇರುವಾಗಲೇ ಕೆಲಸ ಶುರುವಾಗಬೇಕು, ಆದರೆ ಅಳತೆ ಇಟ್ಟುಕೊಂಡು. ಒಂದು ಹಾಳೆಯಲ್ಲಿ ಎಂಟು ಹತ್ತು ಸಂದರ್ಭಗಳನ್ನು ಬರೆದು, ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಭಯದ ಅಂಕ ಕೊಡಿ. ಸಭೆ ಶುರುವಾಗುವ ಮೊದಲು ಪಕ್ಕದವರ ಜೊತೆ ನಾಲ್ಕು ಮಾತು: 20. ‘ಅದನ್ನ ಇನ್ನೊಂದು ಸಲ ಹೇಳ್ತೀರಾ?’ ಎಂದು ಎಲ್ಲರೆದುರು ಕೇಳುವುದು: 35. ಬೇರೆಯವರ ಮಾತಿಗೆ ‘ನನಗೂ ಹಾಗೇ ಅನಿಸುತ್ತೆ, ಯಾಕಂದ್ರೆ...’ ಎಂದು ಒಂದು ಕಾರಣ ಸೇರಿಸುವುದು: 45. ಸ್ವಂತ ಸಲಹೆ: 60. ಮೇಲಧಿಕಾರಿಯ ಅಭಿಪ್ರಾಯ ಒಪ್ಪದೆ ಕಾರಣ ಕೊಡುವುದು: 80. ಶುರು ಮಾಡುವುದು 30–40ರ ನಡುವಿನ ಮೆಟ್ಟಿಲಿನಿಂದ. 10ರ ಮೆಟ್ಟಿಲಿನಲ್ಲಿ ಕಲಿಯಲು ಏನೂ ಇರುವುದಿಲ್ಲ. ನೇರವಾಗಿ 80ಕ್ಕೆ ಹಾರಿದರೆ ಅರ್ಧದಲ್ಲೇ ಹಿಂದೆ ಸರಿಯುವ ಸಂಭವ ಹೆಚ್ಚು, ಹಾಗೆ ಸರಿದಾಗಲೆಲ್ಲ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಸಭೆಯ ಮಾತು ಅರೆ ನಿಮಿಷದಲ್ಲಿ ಮುಗಿದುಹೋಗುವುದರಿಂದ ಒಂದು ಸಲ ಮಾಡಿದರೆ ಸಾಲದು. ಅದೇ ಮೆಟ್ಟಿಲನ್ನು ನಾಲ್ಕೈದು ಸಲ ಮಾಡಿ ಮೇಲಕ್ಕೆ ಹೋಗಿ.

ಪ್ರತಿ ಪ್ರಯತ್ನಕ್ಕೂ ಮೊದಲು ಏನಾಗುತ್ತದೆಂದು ಹೆದರಿಕೆ, ಅದನ್ನು ಶೇಕಡಾ ಎಷ್ಟು ನಂಬುತ್ತೀರಿ ಎಂದು ಬರೆದಿಡಿ: ‘ಕನಿಷ್ಠ ಮೂವರು ನಗುತ್ತಾರೆ, ಶೇ 70.’ ಮುಗಿದ ಮೇಲೆ ಅದರ ಕೆಳಗೇ ನಡೆದದ್ದನ್ನು ಬರೆಯಿರಿ. ‘ಏನೋ ಕೆಟ್ಟದಾಗುತ್ತೆ’ ಎಂದು ಬರೆದರೆ ಪ್ರಯೋಜನವಿಲ್ಲ, ಅದು ಸುಳ್ಳಾಯಿತೋ ನಿಜವಾಯಿತೋ ಹೇಳಲಾಗದು. ಬೇಸರವೆಂದು ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು. ದಯವಿಟ್ಟು ಬಿಡಬೇಡಿ. ಊಹೆಗೂ ನಡೆದದ್ದಕ್ಕೂ ಇರುವ ಅಂತರ ಕಣ್ಣಿಗೆ ಕಂಡಾಗಲೇ ಮೆದುಳು ಲೆಕ್ಕ ತಿದ್ದಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಭಯ ಇಳಿಯದಿದ್ದರೆ, ನಿಮಗೆ ಗೊತ್ತಿಲ್ಲದೆ ಆತುಕೊಂಡಿರುವ ಊರುಗೋಲುಗಳನ್ನು ಪತ್ತೆಹಚ್ಚಿ. ವಾಕ್ಯವನ್ನು ತಲೆಯೊಳಗೆ ಹತ್ತು ಸಲ ಉರುಹೊಡೆಯುವುದು, ಕಾಗದದಿಂದ ಕಣ್ಣೆತ್ತದಿರುವುದು, ಬೇಗ ಮುಗಿಯಲೆಂದು ತಗ್ಗಿದ ದನಿಯಲ್ಲಿ ಓಡಿಸುವುದು, ‘ನಾನು ಹೇಳೋದು ತಪ್ಪಿರಬಹುದು’ ಎಂದು ಮೊದಲೇ ಕ್ಷಮೆ ಕೇಳುವುದು. ಮಾತು ಚೆನ್ನಾಗಿ ನಡೆದರೂ ಅದರ ಶ್ರೇಯಸ್ಸು ಇವುಗಳಿಗೆ ಹೋಗುತ್ತದೆ. ಒಂದು ಸಲಕ್ಕೆ ಒಂದನ್ನು ಬಿಡಿ.

ಸಮಯವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ‘ಇವತ್ತು ಮಾತಾಡ್ತೀನಿ’ ಎನ್ನುವ ಸಂಕಲ್ಪ ಸುಲಭವಾಗಿ ಜಾರಿಹೋಗುತ್ತದೆ. ‘ಮೊದಲನೆಯ ವಿಷಯ ಮುಗಿದು ಪ್ರಶ್ನೆ ಇದೆಯಾ ಎಂದ ಕೂಡಲೇ ಕೈ ಎತ್ತುತ್ತೇನೆ’ ಎಂಬ ‘ಹೀಗಾದರೆ ಹೀಗೆ’ ಮಾದರಿಯ ಯೋಜನೆ ಹೆಚ್ಚು ನಿಲ್ಲುತ್ತದೆ. ಇದನ್ನು ಮನಶ್ಶಾಸ್ತ್ರಜ್ಞ ಗೋಲ್‌ವಿಟ್ಸರ್ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಸಭೆಯ ಮೊದಲ ಹತ್ತು ನಿಮಿಷದಲ್ಲೇ ಒಂದು ಮಾತು ಆಡಿಬಿಡಿ, ಕಾದಷ್ಟೂ ಬಾಯಿ ಭಾರವಾಗುತ್ತದೆ. ಎದೆಬಡಿತವನ್ನು ಅಡಗಿಸಲು ಹೋಗಬೇಡಿ. ಅದು ಅಡ್ರಿನಲಿನ್ ಕೆಲಸ, ಹುರುಪಿನಲ್ಲೂ ಹೃದಯ ಹೀಗೇ ಹೊಡೆದುಕೊಳ್ಳುತ್ತದೆ. ‘ಶಾಂತವಾಗು’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಭಾಷಣವನ್ನು ಚೆನ್ನಾಗಿ ಮಾಡಿದರು ಎಂದು 2014ರಲ್ಲಿ ಪ್ರಕಟವಾದ ಆಲಿಸನ್ ವುಡ್ ಬ್ರೂಕ್ಸ್ ಅವರ ಪ್ರಯೋಗಗಳು ತೋರಿಸಿವೆ.

ಪ್ರಶ್ನೆ: ಹೀಗೇ ಅಭ್ಯಾಸ ಮಾಡಿ ಸಾಕಷ್ಟು ಸುಧಾರಿಸಿದ್ದೆ. ಎರಡು ತಿಂಗಳು ಬಿಡುವಾಯಿತು, ಭಯ ಮತ್ತೆ ಬಂದಿದೆ. ಪಟ್ಟ ಪಾಡೆಲ್ಲ ವ್ಯರ್ಥವಾಯಿತೇ?

ಇಲ್ಲ. ಆರಿಹೋದ ಪ್ರತಿಕ್ರಿಯೆ ಬಿಡುವಿನ ನಂತರ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ಪ್ರಯೋಗದ ನಾಯಿಗಳಲ್ಲೇ ಗುರುತಿಸಿದ್ದರು. ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆ ಕೂರುತ್ತದೆ. ಬಿಡುವಾದಾಗ, ಜಾಗ ಬದಲಾದಾಗ ಹಳೆಯದು ಮೊದಲು ತಲೆ ಎತ್ತುತ್ತದೆ. ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿ, ಸಾಮಾನ್ಯವಾಗಿ ಈ ಸಲ ಬೇಗ ಮುಗಿಯುತ್ತದೆ. ಒಂದೇ ಕೋಣೆ, ಅದೇ ಐದು ಮುಖಗಳ ಎದುರು ಕಲಿತ ಧೈರ್ಯ ಆ ಕೋಣೆಗೇ ಅಂಟಿಕೊಂಡಿರುತ್ತದೆ. ಬೇರೆ ಬೇರೆ ಜನ, ಜಾಗ, ಹೊತ್ತಿನಲ್ಲಿ ಮಾಡಿ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ನಂತರ ಹದಿನೈದು ದಿನಕ್ಕೊಮ್ಮೆ ಎಂದು ಅಂತರ ಹಿಗ್ಗಿಸಿ.

ಪ್ರಶ್ನೆ: ರಕ್ತ, ಸೂಜಿ ಕಂಡರೆ ತಲೆ ತಿರುಗಿ ಬೀಳುತ್ತೇನೆ. ‘ಮೈ ಸಡಿಲ ಬಿಡು, ಧೈರ್ಯ ತಗೋ’ ಅನ್ನುತ್ತಾರೆ. ಸಡಿಲ ಬಿಟ್ಟರೂ ಬೀಳುತ್ತೇನೆ.

ನಿಮಗೆ ಸಿಕ್ಕಿದ್ದು ತಿರುಗಾಮುರುಗಾ ಸಲಹೆ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ರಕ್ತ ಕಂಡಾಗಿನ ಭಯದಲ್ಲಿ ಮಾತ್ರ ಅದು ಏರಿ ಥಟ್ಟನೆ ಕುಸಿಯುತ್ತದೆ, ಮೆದುಳಿಗೆ ರಕ್ತ ಸಾಲದೆ ಪ್ರಜ್ಞೆ ತಪ್ಪುತ್ತದೆ. ಮೈ ಸಡಿಲ ಬಿಟ್ಟರೆ ಕುಸಿತಕ್ಕೆ ಸಹಾಯವಾಗುತ್ತದೆ. ಇಲ್ಲಿ ಬೇಕಾದದ್ದು ಸ್ನಾಯುಗಳನ್ನು ಬಿಗಿಯುವುದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ ರೂಪಿಸಿದ ವಿಧಾನ ಹೀಗಿದೆ: ಕೂತು ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡು ಬಿಗಿಹಿಡಿಯಿರಿ, ಮುಖ ಬೆಚ್ಚಗಾದಂತೆ ಅನಿಸಬೇಕು. ಬಿಟ್ಟು 20–30 ಸೆಕೆಂಡು ಸುಮ್ಮನಿರಿ. ಪೂರ್ತಿ ಜೋತುಬೀಳಬೇಡಿ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. ಹೀಗೆ ಐದು ಸಲ. ದಿನಕ್ಕೆ ಐದು ಬಾರಿಯಂತೆ ಒಂದು ವಾರ ಮಾಡಿದ ಮೇಲೆ ಸೂಜಿಯ ಚಿತ್ರ ನೋಡುತ್ತ ಮಾಡಿ, ಆಮೇಲೆ ನಿಜವಾದ ಸೂಜಿಗೆ ಹೋಗಿ. ಉಸಿರು ಕಟ್ಟಬೇಡಿ. ಚುಚ್ಚುವ ತೋಳನ್ನು ಮಾತ್ರ ಸಡಿಲವಾಗಿಟ್ಟು ಉಳಿದದ್ದನ್ನು ಬಿಗಿಯಿರಿ. ಬೀಳುವ ಅಭ್ಯಾಸವಿದೆ ಎಂದು ನರ್ಸ್‌ಗೆ ಮೊದಲೇ ಹೇಳಿ ಮಲಗಿಕೊಂಡೇ ತೆಗೆದುಕೊಳ್ಳಿ. ಅಧಿಕ ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಅಭ್ಯಾಸ ಮಾಡಕೂಡದು.

ಪ್ರಶ್ನೆ: ಬಸ್ಸಿನಲ್ಲಿ ಯಾರನ್ನೋ ಅವಮಾನಿಸುತ್ತಿದ್ದರೂ ಸುಮ್ಮನೆ ನೋಡುತ್ತ ಕೂತುಬಿಡುತ್ತೇನೆ. ಮನೆಗೆ ಬಂದ ಮೇಲೆ ನನ್ನ ಮೇಲೇ ಅಸಹ್ಯವಾಗುತ್ತದೆ. ನಾನು ಹೇಡಿಯೇ?

ಹೆಚ್ಚು ಜನ ಇದ್ದಷ್ಟೂ ಒಬ್ಬೊಬ್ಬರು ಮುಂದಾಗುವುದು ಕಡಿಮೆ ಎಂದು 1968ರಲ್ಲಿ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ ಪ್ರಯೋಗ ಮಾಡಿ ತೋರಿಸಿದರು. ಎಲ್ಲರೂ ಪರಸ್ಪರ ಮುಖ ನೋಡುತ್ತಾರೆ, ಯಾರೂ ಅಲುಗಾಡದ್ದರಿಂದ ಏನೂ ಆಗಿಲ್ಲವೇನೋ ಅನಿಸುತ್ತದೆ. ಗುಂಪಿನ ಒತ್ತಡ ಕುರಿತ ಸಾಲೊಮನ್ ಆಶ್ ಅವರ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿತು: ಒಬ್ಬನೇ ಒಬ್ಬ ಬೇರೆ ಮಾತಾಡಿದರೂ ಉಳಿದವರು ಗುಂಪಿಗೆ ಮಣಿಯುವುದು ಬಹಳ ಕಡಿಮೆಯಾಗುತ್ತಿತ್ತು. ಹಾಗಾಗಿ ನಿಮ್ಮ ಒಂದು ವಾಕ್ಯದ ತೂಕ ನೀವು ಎಣಿಸಿದ್ದಕ್ಕಿಂತ ಹೆಚ್ಚು.

ಆ ವಾಕ್ಯವನ್ನು ಸ್ಥಳದಲ್ಲಿ ಹುಡುಕುತ್ತ ಕೂರಬಾರದು, ಮೊದಲೇ ಸಿದ್ಧವಿರಬೇಕು. ಕೆಣಕುವವನ ಜೊತೆ ವಾದಕ್ಕಿಳಿಯಬೇಡಿ, ಅವಮಾನಕ್ಕೊಳಗಾದವರ ಜೊತೆ ಮಾತಾಡಿ: ‘ನೀವು ಈ ಕಡೆ ಬನ್ನಿ, ಇಲ್ಲಿ ಕೂತ್ಕೊಳ್ಳಿ.’ ಸಹಾಯ ಬೇಕಾದರೆ ಗುಂಪಿಗೆ ಕೂಗಬೇಡಿ, ಒಬ್ಬರತ್ತ ಬೆರಳು ತೋರಿಸಿ: ‘ನೀಲಿ ಅಂಗಿಯವರೇ, ನೀವು ಪೊಲೀಸರಿಗೆ ಫೋನ್ ಮಾಡಿ.’ ಈ ಎರಡು ಮಾತನ್ನು ಮನೆಯಲ್ಲಿ ಜೋರಾಗಿ ಹತ್ತು ಸಲ ಹೇಳಿ ರೂಢಿಸಿಕೊಳ್ಳಿ, ಮನಸ್ಸಿನಲ್ಲಿ ಹೇಳಿಕೊಂಡದ್ದು ಸಮಯಕ್ಕೆ ಬಾಯಿಗೆ ಬರುವುದಿಲ್ಲ. ಆಯುಧ ಕಂಡರೆ, ಎದುರಿನವರು ಕುಡಿದಿದ್ದರೆ ನಡುವೆ ಹೋಗದೆ ದೂರ ನಿಂತೇ ಪೊಲೀಸರನ್ನು ಕರೆಯಿರಿ. ಏನೂ ಮಾಡಲಾಗದ ದಿನವೂ ಆಮೇಲೆ ಹತ್ತಿರ ಹೋಗಿ ‘ನಾನು ನೋಡಿದೆ, ದೂರು ಕೊಡುವುದಾದರೆ ಸಾಕ್ಷಿ ಹೇಳುತ್ತೇನೆ’ ಎನ್ನಬಹುದು. ಅದು ಕಡಿಮೆ ಧೈರ್ಯದ ಕೆಲಸವೇನೂ ಅಲ್ಲ.

ಪ್ರಶ್ನೆ: ನನ್ನ ತಮ್ಮ ಹೆಲ್ಮೆಟ್ ಇಲ್ಲದೆ ಬೈಕನ್ನು ಜೋರಾಗಿ ಓಡಿಸಿ, ಅದೇ ಧೈರ್ಯ ಅನ್ನುತ್ತಾನೆ.

ಹೇಡಿತನ ಒಂದು ತುದಿ, ಹುಂಬತನ ಇನ್ನೊಂದು ತುದಿ, ಧೈರ್ಯ ಇವೆರಡರ ನಡುವಿನದು ಎಂದವನು ಅರಿಸ್ಟಾಟಲ್. ತಮ್ಮನನ್ನು ಹೀಗೆ ಕೇಳಿ: ಇದು ಯಾವುದಕ್ಕಾಗಿ? ಹೆಚ್ಚುಕಮ್ಮಿಯಾದರೆ ಪೆಟ್ಟು ಬೀಳುವುದು ನಿನಗೊಬ್ಬನಿಗೇನಾ?

ಪ್ರಶ್ನೆ: ಆರು ವರ್ಷದ ಮಗಳಿಗೆ ಕತ್ತಲೆಂದರೆ ಭಯ. ‘ಪುಕ್ಕಲಿ’ ಎಂದು ಮನೆಯವರು ಛೇಡಿಸುತ್ತಾರೆ. ಒಬ್ಬಳೇ ಮಲಗಿಸಿಬಿಟ್ಟರೆ ಸರಿಹೋಗುತ್ತಾ?

ಎರಡೂ ಬೇಡ. ಛೇಡಿಸಿದರೆ ಮಗು ಭಯ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತದೆ. ಬಲವಂತವಾಗಿ ಕತ್ತಲಲ್ಲಿ ಬಿಟ್ಟರೆ ಕತ್ತಲ ಜೊತೆ ನಿಮ್ಮ ಮೇಲಿನ ಅಪನಂಬಿಕೆಯೂ ಸೇರುತ್ತದೆ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯವನ್ನು, ಅವನಿಗಿಷ್ಟವಾದದ್ದನ್ನು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಕಳೆದರು. 1924ರ ಆ ದಾರಿ ಇಂದಿಗೂ ನಡೆಯುತ್ತದೆ. ಹಗಲಲ್ಲೇ ಪರದೆ ಎಳೆದು ಅರೆಗತ್ತಲಲ್ಲಿ ಆಟಿಕೆ ಹುಡುಕುವ ಆಟ ಆಡಿ. ಆಮೇಲೆ ದೀಪ ಆರಿಸಿ ಐದು ಎಣಿಸುವವರೆಗೆ, ಮುಂದೆ ಹತ್ತು, ಇಪ್ಪತ್ತು. ಸ್ವಿಚ್ ಅವಳ ಕೈಯಲ್ಲೇ ಇರಲಿ. ರಾತ್ರಿ ಬಾಗಿಲು ತೆರೆದಿಟ್ಟು, ‘ಐದು ನಿಮಿಷಕ್ಕೆ ಬಂದು ನೋಡ್ತೀನಿ’ ಎಂದರೆ ಕರೆಯದಿದ್ದರೂ ಐದು ನಿಮಿಷಕ್ಕೆ ಹೋಗಿ. ಮಾಡಿದ್ದನ್ನೇ ಹೆಸರಿಸಿ ಹೊಗಳಿ: ‘ಹೆದರಿಕೆ ಆದರೂ ಹತ್ತು ಎಣಿಸಿದೆ.’ ಕೆಲವು ವಾರ ಹೀಗೆ ಮಾಡಿಯೂ ನಿದ್ದೆ ಕೆಡುತ್ತಿದ್ದರೆ, ಶಾಲೆಗೆ ಹೋಗಲು ಹಿಂಜರಿದರೆ, ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ.